ಬೇರು ಬಿಡಿಸುವ ಕೆಲಸ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಹಳೆಯ ವಿದ್ಯಾರ್ಥಿಗಳ ದಿನದಂದು ಮಾಡಿದ ಭಾಷಣದ ಲಿಖಿತ ರೂಪ)



ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಆದ್ದರಿಂದ ಕಂಪ್ಯೂಟರ್ ಬಗ್ಗೆ ಮಾತಾಡುತ್ತೇನೆಂದು ನೀವು ಅಂದುಕೊಂಡಿರಬಹುದು. ಇವತ್ತು ನಾನು ಆರಿಸಿಕೊಂಡ ವಿಷಯ ಹಣ್ಣಿನ ಗಿಡದ ಬೇರು. ಅದಕ್ಕೆ ಕಾರಣವಿದೆ. ಕೆಲವು ವರ್ಷಗಳಿಂದ ಅಂಗಾಂಶ ಕೃಷಿ ಪ್ರಯೋಗಾಲಯಗಳಿಗೆ, ಅಂದರೆ ಟಿಶ್ಯೂ ಕಲ್ಚರ್ ಲ್ಯಾಬುಗಳಿಗೆ, ದಾಖಲೆ ಇಡುವ ತಂತ್ರಾಂಶ ಬರೆಯುವುದು ನನ್ನ ಕೆಲಸ. ಯಾವ ಬಾಟಲಿ ಯಾವ ತಾಯಿಗಿಡದಿಂದ ಬಂತು, ಯಾವ ದಿನ ಯಾವ ಮಾಧ್ಯಮಕ್ಕೆ ಹೋಯಿತು, ಎಷ್ಟು ಗಿಡ ಬದುಕಿತು ಎಂಬುದರ ಲೆಕ್ಕ ಅದು. ಲೆಕ್ಕ ಬರೆಯಬೇಕಾದರೆ ಕೆಲಸ ತಿಳಿಯಬೇಕು. ಹೀಗೆ ಸಸ್ಯಶಾಸ್ತ್ರಜ್ಞರ ಪಕ್ಕದಲ್ಲಿ ಕೂತು ಕಲಿತದ್ದನ್ನು, ಆಮೇಲೆ ಪುಸ್ತಕ ತೆಗೆದು ಓದಿದ್ದನ್ನು, ನಿಮ್ಮ ಮುಂದೆ ಇಡುತ್ತೇನೆ. ಇಲ್ಲಿ ಕೂತವರಲ್ಲಿ ಹೆಚ್ಚಿನವರು ಸಾಲ ಮಾಡಿ ಸಸಿ ಕೊಳ್ಳುವವರು. ಆ ದುಡ್ಡಿನ ಭವಿಷ್ಯ ಬಹಳ ಮಟ್ಟಿಗೆ ಮಣ್ಣಿನ ಕೆಳಗೆ ನಿರ್ಧಾರವಾಗುತ್ತದೆ. ಆದ್ದರಿಂದ ಈ ಮಾತು ನಮಗೆ ಬೇಕಾದದ್ದೇ.

ಟಿಶ್ಯೂ ಕಲ್ಚರ್ ಎಂಬ ಶಬ್ದ ನಮಗೆ ಹೊಸದಲ್ಲ. ಜಿ-9 ಬಾಳೆ ಹಚ್ಚಿದವರಿದ್ದೀರಿ. ಭಗವಾ ದಾಳಿಂಬೆಯ ಟಿಶ್ಯೂ ಕಲ್ಚರ್ ಸಸಿ ತಂದವರೂ ಇದ್ದೀರಿ. ಊರಿಗೆ ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದು: 'ಬಾಳೆ ಬಾಟಲಿಯಲ್ಲಿ ಲಕ್ಷಗಟ್ಟಲೆ ಬರುತ್ತದೆ, ಹಾಗಾದರೆ ಬೇರೆ ಹಣ್ಣಿನ ಗಿಡಗಳು ಅಷ್ಟೇ ಸಲೀಸಾಗಿ ಯಾಕೆ ಬರುವುದಿಲ್ಲ?' ಉತ್ತರದ ದೊಡ್ಡ ಭಾಗ ಬೇರಿನಲ್ಲಿದೆ. ಬಾಳೆಯ ಚಿಗುರು ಬಾಟಲಿಯಲ್ಲಿ ಹೆಚ್ಚು ಹಟ ಮಾಡದೆ ಬೇರು ಬಿಡುತ್ತದೆ. ಗಟ್ಟಿ ಕಟ್ಟಿಗೆಯ ಮರಗಳು ಹಾಗಲ್ಲ. ಅವುಗಳ ಚಿಗುರು ಹಸಿರಾಗಿ ನಿಂತಿರುತ್ತದೆ, ಎಲೆಯನ್ನೂ ಬಿಡುತ್ತದೆ, ಕೆಳಗೆ ನೋಡಿದರೆ ಬೇರೇ ಇರುವುದಿಲ್ಲ. ಬೇರಿಲ್ಲದ ಚಿಗುರು ಹೂಜಿಯಲ್ಲಿಟ್ಟ ಹೂವಿನ ಹಾಗೆ. ನಾಲ್ಕು ದಿನ ಚೆಂದ ಕಾಣುತ್ತದೆ, ಹೊಲಕ್ಕೆ ಬರುವುದಿಲ್ಲ.

ಮೊದಲು ಬೇರುಸಸಿ ಎಂದರೇನು ಎಂದು ಮಕ್ಕಳಿಗಾಗಿ ಹೇಳುತ್ತೇನೆ. ಹಿರಿಯರಿಗೆ ಇದು ಗೊತ್ತಿದೆ. ನಮ್ಮ ದ್ರಾಕ್ಷಿ ಪಡಗಳಲ್ಲಿ ಬೇಸಿಗೆಯ ಹೊತ್ತಿಗೆ ಮೊದಲು ಡಾಗ್‌ರಿಜ್ ಹಚ್ಚುತ್ತಾರೆ. ಅದು ಬೇರು ಹಿಡಿದು, ಕಡ್ಡಿ ದಪ್ಪವಾದ ಮೇಲೆ, ಮಳೆಗಾಲದ ಕೊನೆಯ ಹೊತ್ತಿಗೆ ಅದರ ಮೇಲೆ ಥಾಮ್ಸನ್ನೋ ಮಾಣಿಕ್ ಚಮನ್ನೋ ಕಸಿ ಕಟ್ಟುತ್ತಾರೆ. ಮೇಲಿನದು ಹಣ್ಣು ಕೊಡುವ ಕಸಿಕಡ್ಡಿ. ಕೆಳಗಿನದು ನೀರು, ಗೊಬ್ಬರ ಎಳೆದು ಕೊಡುವ ಬೇರುಸಸಿ. ನಮ್ಮ ರೈತರು ರೂಟ್‌ಸ್ಟಾಕ್ ಎನ್ನುವುದು ಇದಕ್ಕೇ. ಹಿಂದೆ ನಮ್ಮ ಹಿರಿಯರು ದ್ರಾಕ್ಷಿಯನ್ನು ಅದರ ಸ್ವಂತ ಬೇರಿನ ಮೇಲೆಯೇ ಬೆಳೆಯುತ್ತಿದ್ದರು. ಬರ ಬಿದ್ದು, ಬಾವಿ, ಬೋರಿನ ನೀರು ಉಪ್ಪಾಗುತ್ತ ಬಂದಂತೆ ಆ ಬೇರು ತಡೆಯಲಿಲ್ಲ. ಡಾಗ್‌ರಿಜ್ ತಡೆಯಿತು. ಬರವನ್ನೂ ಉಪ್ಪನ್ನೂ ತಾಳುವ, ಬೇರಿಗೆ ಗಂಟು ಕಟ್ಟುವ ಜಂತುಹುಳುವನ್ನು ಎದುರಿಸುವ ಗುಣ ಅದಕ್ಕಿದೆ.

ಈ ಡಾಗ್‌ರಿಜ್ ನಮ್ಮ ನೆಲದ್ದಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದ ಸುಣ್ಣಕಲ್ಲಿನ ಒಣ ಗುಡ್ಡಗಳಲ್ಲಿ ಬೆಳೆಯುವ ಕಾಡು ದ್ರಾಕ್ಷಿಯ ಬಗೆ. ಇಂಥ ಕಾಡು ಬಳ್ಳಿಗಳಿಗೆ ಬೆಲೆ ಬಂದದ್ದರ ಹಿಂದೆ ಒಂದು ದೊಡ್ಡ ಕಷ್ಟದ ಕಥೆ ಇದೆ. 1860ರ ದಶಕದಲ್ಲಿ ಫಿಲಾಕ್ಸೆರಾ ಎಂಬ ಸಣ್ಣ ಹೇನು ಅಮೆರಿಕದಿಂದ ಫ್ರಾನ್ಸಿಗೆ ಹೋಯಿತು. ಅದು ದ್ರಾಕ್ಷಿಯ ಬೇರನ್ನು ತಿನ್ನುತ್ತದೆ. ಕೆಲವೇ ದಶಕಗಳಲ್ಲಿ ಅಲ್ಲಿಯ ತೋಟಗಳು ಸಾಲುಸಾಲಾಗಿ ಒಣಗಿದವು, ರೈತರು ದಿವಾಳಿಯಾದರು. ಕೊನೆಗೆ ಉಳಿಸಿದ್ದು ಔಷಧಿಯಲ್ಲ, ಬೇರು. ಆ ಹೇನಿನ ಜೊತೆಯಲ್ಲೇ ಬೆಳೆದು ಅದನ್ನು ತಾಳಿಕೊಳ್ಳುವುದನ್ನು ಕಲಿತಿದ್ದ ಅಮೆರಿಕದ ಕಾಡು ದ್ರಾಕ್ಷಿಯ ಬೇರಿನ ಮೇಲೆ ಫ್ರಾನ್ಸಿನ ದ್ರಾಕ್ಷಿಯನ್ನು ಕಸಿ ಮಾಡಿದರು. ಟೆಕ್ಸಾಸಿನಲ್ಲಿ ಕಾಡು ಬಳ್ಳಿಗಳನ್ನು ಹುಡುಕಿ ಅಭ್ಯಾಸ ಮಾಡುತ್ತಿದ್ದ ಟಿ.ವಿ. ಮನ್ಸನ್ ಎಂಬಾತ ಈ ಕೆಲಸಕ್ಕೆ ನೆರವಾದ. 1888ರಲ್ಲಿ ಫ್ರಾನ್ಸ್ ಸರಕಾರ ಆತನನ್ನು ಗೌರವಿಸಿತು.

ಬೇರುಸಸಿಯ ಶಕ್ತಿ ಇನ್ನೂ ಸ್ಪಷ್ಟವಾಗಿ ಕಾಣುವುದು ಸೇಬಿನಲ್ಲಿ. ಸೇಬು ನಮ್ಮ ಸೀಮೆಯ ಬೆಳೆಯಲ್ಲ, ಆದರೆ ಬಾಟಲಿಯಲ್ಲಿ ಬೇರು ಬಿಡಿಸುವ ವಿದ್ಯೆಯ ದೊಡ್ಡ ಪಾಲು ಸೇಬಿನ ಮೇಲೆ ನಡೆದ ಪ್ರಯೋಗಗಳಿಂದ ಬಂದದ್ದು. ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ಈಸ್ಟ್ ಮಾಲಿಂಗ್ ಎಂಬ ಊರಿದೆ. ಅಲ್ಲಿ 1913ರಲ್ಲಿ ಹಣ್ಣಿನ ಬೆಳೆಗಳ ಸಂಶೋಧನಾ ಕೇಂದ್ರ ಶುರುವಾಯಿತು. ಆಗ ಗಿಡ್ಡ ಸೇಬಿನ ಬೇರುಸಸಿಗಳು ಒಂದೇ ಹೆಸರಿನಲ್ಲಿ ಹತ್ತು ಬಗೆ, ಹತ್ತು ಹೆಸರಿನಲ್ಲಿ ಒಂದೇ ಬಗೆ ಎಂಬಂತೆ ಕಲಸುಮೇಲೋಗರವಾಗಿದ್ದವು. ರೊನಾಲ್ಡ್ ಹ್ಯಾಟನ್ ಎಂಬ ವಿಜ್ಞಾನಿ ನರ್ಸರಿಗಳಿಂದ ಅವುಗಳನ್ನು ತರಿಸಿ, ನೆಟ್ಟು, ಗುಣ ನೋಡಿ ಬೇರೆ ಬೇರೆ ಮಾಡಿ ಸಂಖ್ಯೆ ಕೊಟ್ಟ. ಮಾಲಿಂಗ್ ಎಂಬುದರ ಮೊದಲ ಅಕ್ಷರ ಸೇರಿಸಿ ಇವತ್ತು ಎಂ.9, ಎಂ.7 ಎನ್ನುವುದು ಅವುಗಳನ್ನೇ. ಎಂ.9ರ ಮೇಲೆ ಕಟ್ಟಿದ ಸೇಬಿನ ಮರ ಬೀಜದ ಬೇರಿನ ಮರದ ಅರ್ಧದಷ್ಟೂ ಎತ್ತರ ಬೆಳೆಯುವುದಿಲ್ಲ, ಬೇಗ ಫಲಕ್ಕೆ ಬರುತ್ತದೆ, ನೆಲದ ಮೇಲೆ ನಿಂತೇ ಹಣ್ಣು ಬಿಡಿಸಬಹುದು. ಅದರ ಬೇರು ಮಾತ್ರ ಪೆಳಸು, ಆದ್ದರಿಂದ ಮರಕ್ಕೆ ಜೀವಮಾನವಿಡೀ ಆಸರೆ ಕೊಡಬೇಕು. ಮೇಲಿನ ತಳಿ ಅದೇ, ಹಣ್ಣು ಅದೇ. ಕೆಳಗಿನ ಬೇರು ಬದಲಾದರೆ ಮರದ ಎತ್ತರ, ಫಲದ ವರ್ಷ, ಆಸರೆಯ ಖರ್ಚು ಎಲ್ಲವೂ ಬದಲು.

ಇಂಥ ಬೇರುಸಸಿಯನ್ನು ಬೀಜ ಹಾಕಿ ಬೆಳೆಸಿದರೆ ಆಗದೇ ಎಂದು ಕೇಳಬಹುದು. ಆಗುವುದಿಲ್ಲ. ಒಂದೇ ತಾಯಿಯ ಮಕ್ಕಳು ಹೇಗೆ ಒಂದೇ ತರಹ ಇರುವುದಿಲ್ಲವೋ ಹಾಗೆಯೇ ಎಂ.9ರ ಬೀಜದಿಂದ ಬಂದ ಗಿಡಗಳು ಎಂ.9 ಆಗಿರುವುದಿಲ್ಲ. ಅದೇ ಗುಣ ಬೇಕಾದರೆ ಅದೇ ಗಿಡದ ತುಂಡಿಗೆ ಬೇರು ಬರಿಸಬೇಕು. ಸೇಬಿನಲ್ಲಿ ಗಿಡದ ಬುಡವನ್ನು ಕತ್ತರಿಸಿ, ಬಂದ ಚಿಗುರುಗಳ ಬುಡಕ್ಕೆ ಮಣ್ಣೇರಿಸಿ, ಬೇರು ಬಂದ ಮೇಲೆ ಬಿಡಿಸಿಕೊಳ್ಳುವ ಪದ್ಧತಿ ಬಹಳ ಹಳೆಯದು. ಅದಕ್ಕೆ ಜಾಗ ಬೇಕು, ಇಡೀ ಹಂಗಾಮು ಬೇಕು, ಮಣ್ಣಿನ ರೋಗವೂ ಜೊತೆಗೆ ಬರಬಹುದು. ದ್ರಾಕ್ಷಿಯಲ್ಲಿ ಕಡ್ಡಿ ನೆಡುತ್ತೇವೆ. ಆದರೆ ನಿಮಗೆಲ್ಲ ಗೊತ್ತಿರುವಂತೆ ಥಾಮ್ಸನ್ ಕಡ್ಡಿ ಬೇರು ಬಿಟ್ಟಷ್ಟು ಸುಲಭವಾಗಿ ಡಾಗ್‌ರಿಜ್ ಕಡ್ಡಿ ಬಿಡುವುದಿಲ್ಲ. ಬರವನ್ನು ತಾಳುವ ಬೇರು ಬೇಕೆಂದು ಆರಿಸಿಕೊಂಡ ಬಳ್ಳಿಯೇ ಬೇರು ಬಿಡಲು ಸತಾಯಿಸುತ್ತದೆ. ಜಗತ್ತಿನ ದ್ರಾಕ್ಷಿ ನರ್ಸರಿಗಳಿಗೆಲ್ಲ ಇದು ಗೊತ್ತಿರುವ ತಲೆನೋವು. ಇಂಥ ಕಡೆಗಳಲ್ಲಿ ಅಂಗಾಂಶ ಕೃಷಿ ಕೆಲಸಕ್ಕೆ ಬರುತ್ತದೆ.

ಈಗ ಬೇರು ಹೇಗೆ ಹುಟ್ಟುತ್ತದೆ ಎಂದು ನೋಡೋಣ. ಬೀಜದಿಂದ ಬಂದ ಗಿಡಕ್ಕೆ ತಾಯಿಬೇರು ಹುಟ್ಟಿನಿಂದಲೇ ಇದೆ. ಕತ್ತರಿಸಿದ ಕಡ್ಡಿಗೆ ಅದಿಲ್ಲ. ಅಲ್ಲಿ ಕಾಂಡದೊಳಗೆ, ನೀರು-ಆಹಾರ ಸಾಗಿಸುವ ನಾಳಗಳ ಪಕ್ಕದಲ್ಲಿರುವ ಜೀವಕೋಶಗಳು ತಮ್ಮ ಹಳೆಯ ಕೆಲಸ ಬಿಟ್ಟು, ಹೊಸದಾಗಿ ಒಡೆದು, ಬೇರಿನ ಮೊಳಕೆ ಕಟ್ಟಬೇಕು. ಹಾಗೆ ಮಾಡು ಎಂದು ಅವುಗಳಿಗೆ ಹೇಳುವುದು ಆಕ್ಸಿನ್ ಎಂಬ ಹಾರ್ಮೋನು. ಇದು ಗಿಡದ ತುದಿಯಲ್ಲಿ, ಎಳೆ ಎಲೆಗಳಲ್ಲಿ ಹುಟ್ಟಿ ಕೆಳಕ್ಕೆ ಇಳಿಯುತ್ತದೆ. ನೆದರ್ಲೆಂಡ್ಸ್‌ನ ಫ್ರಿಟ್ಸ್ ವೆಂಟ್ 1926ರಿಂದ 1928ರ ಅವಧಿಯಲ್ಲಿ ಓಟ್ಸ್ ಮೊಳಕೆಯ ತುದಿಯನ್ನು ಕತ್ತರಿಸಿ ಅಗರ್ ತುಂಡಿನ ಮೇಲಿಟ್ಟ. ತುದಿಯಲ್ಲಿದ್ದ ವಸ್ತು ಅಗರ್‌ಗೆ ಇಳಿಯಿತು. ಆ ಅಗರ್ ತುಂಡನ್ನು ಇನ್ನೊಂದು ಕತ್ತರಿಸಿದ ಮೊಳಕೆಯ ಮೇಲೆ ಒಂದು ಬದಿಗೆ ಇಟ್ಟಾಗ ಮೊಳಕೆ ಬಾಗಿ ಬೆಳೆಯಿತು. ತುದಿಯಲ್ಲಿ ಬೆಳವಣಿಗೆಯ ವಸ್ತು ಇದೆ ಎಂಬುದು ಹೀಗೆ ಸಿದ್ಧವಾಯಿತು. 1935ರ ಹೊತ್ತಿಗೆ ಐ.ಬಿ.ಎ. ಎಂಬ ರಾಸಾಯನಿಕ ಬೇರು ಬರಿಸುವುದರಲ್ಲಿ ಬಹಳ ಒಳ್ಳೆಯದು ಎಂದು ಗೊತ್ತಾಯಿತು. ಗಿಡದ ಸಹಜ ಆಕ್ಸಿನ್ ಬೆಳಕಿನಲ್ಲಿ ಬೇಗ ಕೆಡುತ್ತದೆ, ಐ.ಬಿ.ಎ. ಅದಕ್ಕಿಂತ ಹೆಚ್ಚು ತಾಳುತ್ತದೆ. ಕೃಷಿ ಪರಿಕರಗಳ ಅಂಗಡಿಯಲ್ಲಿ ಬೇರು ಬರಿಸುವ ಬಿಳಿ ಪುಡಿ ಎಂದು ಕೊಡುತ್ತಾರಲ್ಲ, ಅದರಲ್ಲಿ ಸಾಮಾನ್ಯವಾಗಿ ಇರುವುದು ಇದೇ.

ಆಕ್ಸಿನ್ ಬೇರಿನ ಕಡೆ ಎಳೆದರೆ, ಸೈಟೊಕೈನಿನ್ ಎಂಬ ಇನ್ನೊಂದು ಹಾರ್ಮೋನು ಚಿಗುರಿನ ಕಡೆ ಎಳೆಯುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಸ್ಕೂಗ್ ಮತ್ತು ಮಿಲ್ಲರ್ 1957ರಲ್ಲಿ ತಂಬಾಕಿನ ಅಂಗಾಂಶದ ಮೇಲೆ ಇದನ್ನು ತೋರಿಸಿದರು. ಆಕ್ಸಿನ್ ಪಾಲು ಹೆಚ್ಚಿದ್ದರೆ ಬೇರು, ಸೈಟೊಕೈನಿನ್ ಪಾಲು ಹೆಚ್ಚಿದ್ದರೆ ಚಿಗುರು, ಎರಡೂ ಸಮಸಮ ಇದ್ದರೆ ಆಕಾರವಿಲ್ಲದ ಕೋಶಗಳ ಗಂಟು. ಅದೇ ಸ್ಕೂಗ್ ಮತ್ತು ಅವರ ಶಿಷ್ಯ ಮುರಾಶಿಗೆ 1962ರಲ್ಲಿ ಲವಣ, ವಿಟಮಿನ್, ಸಕ್ಕರೆಗಳ ಒಂದು ಪಾಕವನ್ನು ಪ್ರಕಟಿಸಿದರು. ಇಬ್ಬರ ಹೆಸರಿನ ಮೊದಲ ಅಕ್ಷರ ಸೇರಿಸಿ ಅದನ್ನು ಎಂ.ಎಸ್. ಮಾಧ್ಯಮ ಎನ್ನುತ್ತಾರೆ. ಇವತ್ತಿಗೂ ಜಗತ್ತಿನ ಲ್ಯಾಬುಗಳಲ್ಲಿ ಹೆಚ್ಚಾಗಿ ನಡೆಯುವುದು ಅದೇ ಪಾಕ, ಇಲ್ಲವೇ ಅದನ್ನು ತಿದ್ದಿಕೊಂಡದ್ದು.

ಲ್ಯಾಬಿನಲ್ಲಿ ಕೆಲಸ ನಡೆಯುವುದು ಹೀಗೆ. ಒಳ್ಳೆಯ ತಾಯಿಗಿಡದ ಚಿಗುರಿನ ತುದಿ ಅಥವಾ ಮೊಗ್ಗಿರುವ ಗೆಣ್ಣನ್ನು ತೆಗೆದು, ಮೇಲಿನ ಸೂಕ್ಷ್ಮಾಣುಗಳು ಸಾಯುವಂತೆ ತೊಳೆಯುತ್ತಾರೆ. 121 ಡಿಗ್ರಿ ಉಷ್ಣದ ಒತ್ತಡದ ಹಬೆಯಲ್ಲಿ ಬೇಯಿಸಿದ ಮಾಧ್ಯಮದ ಬಾಟಲಿಗೆ ಅದನ್ನು ಇಡುತ್ತಾರೆ. ಈ ಕೆಲಸದಲ್ಲಿ ಬಹುಪಾಲು ಕೈಗಳು ನಮ್ಮಂಥ ಊರುಗಳಿಂದ ಬಂದ ಹೆಣ್ಣುಮಕ್ಕಳದ್ದು. ಶುದ್ಧಗಾಳಿ ಬೀಸುವ ಮೇಜಿನ ಮುಂದೆ ಗಂಟೆಗಟ್ಟಲೆ ಕೂತು, ಚಿಮಟಿಯಲ್ಲಿ ಅಂಗುಲದಷ್ಟು ಚಿಗುರನ್ನು ಹಿಡಿದು ಕತ್ತರಿಸಿ ನೆಡುತ್ತಾರೆ. ಒಂದು ಚಿಗುರು ಕೆಲವು ವಾರಗಳಲ್ಲಿ ಹಲವಾಗುತ್ತದೆ, ಅವನ್ನು ಬಿಡಿಸಿ ಮತ್ತೆ ಹೊಸ ಬಾಟಲಿಗೆ. ಕೋಣೆಯ ಉಷ್ಣತೆ 25 ಡಿಗ್ರಿ ಆಸುಪಾಸು, ದಿನಕ್ಕೆ 16 ಗಂಟೆ ದೀಪದ ಬೆಳಕು. ಇಷ್ಟರ ತನಕ ಎಲ್ಲ ಸರಿ. ಇನ್ನು ಮುಂದೆ ಬೇರು ಬರಬೇಕು. ತೊಡಕು ಶುರುವಾಗುವುದು ಇಲ್ಲಿ.

ಮೊದಲ ತೊಡಕು, ಚಿಗುರು ಹೆಚ್ಚಿಸಲು ಇಷ್ಟು ದಿನ ಕೊಟ್ಟ ಸೈಟೊಕೈನಿನ್ ಚಿಗುರಿನೊಳಗೆ ಉಳಿದಿರುತ್ತದೆ. ಅದು ಬೇರಿಗೆ ಅಡ್ಡಿ. ಆದ್ದರಿಂದ ಬೇರಿನ ಹಂತಕ್ಕೆ ಹೋಗುವ ಮುಂಚೆ ಅದು ಕಡಿಮೆ ಇರುವ ಅಥವಾ ಇಲ್ಲದ ಮಾಧ್ಯಮದಲ್ಲಿ ಚಿಗುರನ್ನು ಸ್ವಲ್ಪ ದಿನ ಬೆಳೆಸುತ್ತಾರೆ. ಎರಡನೆಯದು, ಗಿಡದ ವಯಸ್ಸು. ಹಣ್ಣು ಬಿಡುವ ಪ್ರಾಯದ ಮರದ ಚಿಗುರು ಸುಲಭಕ್ಕೆ ಬೇರು ಬಿಡುವುದಿಲ್ಲ, ಎಳೆಯ ಸಸಿಯ ಚಿಗುರು ಬಿಡುತ್ತದೆ. ಸೇಬಿನಂಥ ಗಿಡಗಳಲ್ಲಿ ಬಾಟಲಿಯಿಂದ ಬಾಟಲಿಗೆ ಹಲವು ಸಲ ಬದಲಿಸುತ್ತ ಹೋದಂತೆ ಚಿಗುರು ಮತ್ತೆ ಎಳೆಯದರ ಗುಣ ಪಡೆದು ಬೇರು ಬಿಡಲು ಒಪ್ಪುತ್ತದೆ. ಹಾಗೆಂದು ಕೊನೆಯಿಲ್ಲದೆ ಬದಲಿಸುತ್ತ ಹೋಗುವಂತಿಲ್ಲ. ಬಹಳ ಸಲ ಆದರೆ ತಳಿಗುಣದಲ್ಲೇ ಏರುಪೇರಾಗುವ ಅಪಾಯ ಹೆಚ್ಚುತ್ತದೆ. ಮೂರನೆಯದು, ಮರಗಿಡಗಳನ್ನು ಕತ್ತರಿಸಿದಾಗ ಒಸರುವ ಒಗರು ವಸ್ತು. ಬದನೆಕಾಯಿ ಹೆಚ್ಚಿಟ್ಟರೆ ಕಪ್ಪಾಗುವ ಹಾಗೆ ಮಾಧ್ಯಮ ಕಪ್ಪಾಗಿ, ಎಳೆ ಅಂಗಾಂಶ ಸಾಯುತ್ತದೆ.

ಇವುಗಳಿಗೆ ವಿಜ್ಞಾನಿಗಳು ಕಂಡುಕೊಂಡ ಉಪಾಯಗಳು ನೋಡಲು ಬಹಳ ಸರಳ. ಒಂದು, ಮಾಧ್ಯಮದ ಲವಣವನ್ನು ಅರ್ಧಕ್ಕೆ ಇಳಿಸುವುದು. ಹೊಟ್ಟೆ ತುಂಬಿದ ಚಿಗುರು ಬೇರಿನ ಗೋಜಿಗೆ ಹೋಗುವುದಿಲ್ಲ, ವಿಶೇಷವಾಗಿ ಸಾರಜನಕ ಹೆಚ್ಚಿದ್ದರೆ. ಎರಡು, ಬೇರಿನ ಹಂತದ ಮೊದಲ ಕೆಲವು ದಿನ ಕತ್ತಲೆಯಲ್ಲಿಡುವುದು. ಹಳೆಯ ಪದ್ಧತಿಯಲ್ಲಿ ಚಿಗುರಿನ ಬುಡಕ್ಕೆ ಮಣ್ಣೇರಿಸಿದಾಗಲೂ ನಡೆಯುತ್ತಿದ್ದದ್ದು ಇದೇ, ಬುಡಕ್ಕೆ ಕತ್ತಲೆ ಸಿಗುತ್ತಿತ್ತು. ಮೂರು, ಇದ್ದಿಲಿನ ಪುಡಿ ಸೇರಿಸುವುದು. ಅದು ಒಗರು ವಸ್ತುವನ್ನು ಹೀರಿಕೊಳ್ಳುತ್ತದೆ, ಬುಡಕ್ಕೆ ಕತ್ತಲೆಯನ್ನೂ ಕೊಡುತ್ತದೆ. ಆದರೆ ಹಾರ್ಮೋನನ್ನೂ ಹೀರಿಬಿಡುತ್ತದೆ, ಆದ್ದರಿಂದ ಯಾವ ಹಂತದಲ್ಲಿ ಹಾಕಬೇಕೆಂಬ ಎಚ್ಚರ ಬೇಕು. ನಾಲ್ಕನೆಯದು ಅದೇ ಈಸ್ಟ್ ಮಾಲಿಂಗ್ ಕೇಂದ್ರದಿಂದ ಬಂದದ್ದು. ಸೇಬಿನ ಗಿಡದಲ್ಲಿ ಫ್ಲೊರಿಡ್ಜಿನ್ ಎಂಬ ವಸ್ತು ಸಹಜವಾಗಿಯೇ ಇರುತ್ತದೆ. ಅದನ್ನೂ, ಅದು ಒಡೆದಾಗ ಬರುವ ಫ್ಲೊರೊಗ್ಲುಸಿನಾಲ್ ಎಂಬುದನ್ನೂ ಮಾಧ್ಯಮಕ್ಕೆ ಸೇರಿಸಿದರೆ ಸೇಬಿನ ಬೇರುಸಸಿಯ ಚಿಗುರಿಗೆ ಅನುಕೂಲವಾಗುತ್ತದೆ ಎಂದು ಒ.ಪಿ. ಜೋನ್ಸ್ ಎಂಬ ವಿಜ್ಞಾನಿ 1976ರಲ್ಲಿ ಪ್ರಕಟಿಸಿದರು. ಆಮೇಲೆ ಬೇರು ಬಿಡಲು ಹಟ ಮಾಡುವ ಎಂ.9ರ ಮೇಲೂ ಇದನ್ನು ಪ್ರಯೋಗಿಸಿದರು. ಕೆಲವು ಬಗೆಗಳಲ್ಲಿ ಚೆನ್ನಾಗಿ ಕೆಲಸ ಮಾಡಿತು, ಕೆಲವುಗಳಲ್ಲಿ ಮಾಡಲಿಲ್ಲ. ಎಲ್ಲ ಗಿಡಕ್ಕೂ ನಡೆಯುವ ಒಂದೇ ಪಾಕ ಇಲ್ಲ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಬೇಗ ಕಲಿಯುವ ಪಾಠ.

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಬೇರು ಬರಿಸುವ ಹಾರ್ಮೋನನ್ನು ಹೆಚ್ಚು ದಿನ ಕೊಟ್ಟರೆ ಬೇರು ಹೆಚ್ಚು ಬರುತ್ತದೆಯೇ? ಇಲ್ಲ. ಸೇಬಿನ ಬೇರುಸಸಿಯ ಮೇಲೆ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಇದನ್ನು ದಿನ ದಿನ ಲೆಕ್ಕ ಹಾಕಿ ನೋಡಿದ್ದಾರೆ. ಕತ್ತರಿಸಿದ ಮೇಲೆ ಸುಮಾರು ಮೊದಲ ಒಂದು ದಿನ ಜೀವಕೋಶಗಳು ಹಳೆಯ ಕೆಲಸ ಬಿಟ್ಟು ಹೊಸದಕ್ಕೆ ಸಿದ್ಧವಾಗುತ್ತವೆ. ಮುಂದಿನ ಎರಡು ಮೂರು ದಿನ ಆಕ್ಸಿನ್ನಿನ ಮಾತು ಕೇಳಿ ಬೇರಾಗುವುದೆಂದು ನಿಶ್ಚಯಿಸುತ್ತವೆ. ಆ ಹೊತ್ತಿಗೆ ಆಕ್ಸಿನ್ ಬೇಕೇ ಬೇಕು. ಅದು ದಾಟಿ ಬೇರಿನ ಮೊಳಕೆ ಕಟ್ಟಿದ ಮೇಲೆ ಅದೇ ಆಕ್ಸಿನ್ ಬೇರು ಉದ್ದವಾಗುವುದನ್ನು ತಡೆಯುತ್ತದೆ. ತೆಗೆಯದೆ ಬಿಟ್ಟರೆ ಬುಡದಲ್ಲಿ ಕೋಶಗಳ ಗಂಟು ಬೆಳೆಯುತ್ತದೆ, ಬೇರು ಮೋಟಾಗಿ ನಿಲ್ಲುತ್ತದೆ. ಆದ್ದರಿಂದ ಲೀಟರಿಗೆ ಒಂದೆರಡು ಮಿಲಿಗ್ರಾಂ ಐ.ಬಿ.ಎ. ಇರುವ ಮಾಧ್ಯಮದಲ್ಲಿ ಕೆಲವೇ ದಿನ, ಬಹಳವಾದರೆ ಒಂದು ವಾರ, ಕತ್ತಲೆಯಲ್ಲಿಟ್ಟು, ಆಮೇಲೆ ಹಾರ್ಮೋನಿಲ್ಲದ ಮಾಧ್ಯಮಕ್ಕೆ ಬದಲಿಸಿ ಬೆಳಕಿಗೆ ತರುತ್ತಾರೆ.

ನಾವು ಬರೆದ ತಂತ್ರಾಂಶದಲ್ಲಿ ಬಹಳ ಚಿಕ್ಕ ಭಾಗ ಒಂದಿದೆ. ಬೇರಿನ ಮಾಧ್ಯಮಕ್ಕೆ ಹಾಕಿದ ದಿನವನ್ನು ದಾಖಲಿಸಿದರೆ, ತೆಗೆಯಬೇಕಾದ ದಿನ ಬೆಳಿಗ್ಗೆ ಮೇಲ್ವಿಚಾರಕರ ಮೊಬೈಲಿಗೆ ಸಂದೇಶ ಹೋಗುತ್ತದೆ. ಬರೆಯಲು ಅರ್ಧ ದಿನದ ಕೆಲಸ. ಆದರೆ ಲ್ಯಾಬಿನವರು ನಮ್ಮ ಉಳಿದ ಎಲ್ಲ ಕೆಲಸಕ್ಕಿಂತ ಇದನ್ನೇ ಹೆಚ್ಚು ಮೆಚ್ಚಿದರು. ಭಾನುವಾರ ಬಂತು, ಹಬ್ಬ ಬಂತು ಎಂದು ಬೇರು ಕಾಯುವುದಿಲ್ಲವಲ್ಲ. ಕೊಡುವುದು ಎಷ್ಟು ಮುಖ್ಯವೋ, ಸರಿಯಾದ ದಿನ ನಿಲ್ಲಿಸುವುದೂ ಅಷ್ಟೇ ಮುಖ್ಯ. ಅಂಗಡಿಯ ಬೇರು ಪುಡಿಯನ್ನು 'ಇನ್ನಷ್ಟು ಹಾಕಿದರೆ ಇನ್ನಷ್ಟು ಬೇರು' ಎಂದು ಕಡ್ಡಿಗೆ ದಪ್ಪಗೆ ಮೆತ್ತುವವರೂ ಇದನ್ನು ಗಮನಿಸಬೇಕು. ಹೆಚ್ಚಾದರೆ ಕಡ್ಡಿಯ ಬುಡ ಕಪ್ಪಾಗಿ ಕೊಳೆಯುತ್ತದೆ.

ಬೇರು ಬಂದಿತು ಎಂದರೆ ಕೆಲಸ ಮುಗಿಯಲಿಲ್ಲ. ಅಗರ್‌ನಲ್ಲಿ ಹುಟ್ಟಿದ ಬೇರು ಮಣ್ಣಿನ ಬೇರಿನಂತಲ್ಲ. ಅದಕ್ಕೆ ನೀರು ಹೀರುವ ಸಣ್ಣ ರೋಮಗಳು ಬಹಳ ಕಡಿಮೆ, ಮುಟ್ಟಿದರೆ ಮುರಿಯುತ್ತದೆ. ಕೋಶಗಂಟಿನಿಂದ ಹುಟ್ಟಿದ ಬೇರಾದರೆ ಕಾಂಡದ ನಾಳಕ್ಕೂ ಅದಕ್ಕೂ ಸರಿಯಾದ ಜೋಡಣೆಯೇ ಇರದಿರಬಹುದು. ನೋಡಲು ಬೇರು, ನೀರು ಮಾತ್ರ ಏರುವುದಿಲ್ಲ. ಮೇಲೆ ಎಲೆಗಳ ಸ್ಥಿತಿಯೂ ಹಾಗೆಯೇ. ಬಾಟಲಿಯೊಳಗಿನ ತೇವದಲ್ಲಿ ಬೆಳೆದ ಎಲೆಗೆ ಮೇಣದ ಪದರ ತೆಳು, ಅದರ ಸೂಕ್ಷ್ಮ ರಂಧ್ರಗಳಿಗೆ ಮುಚ್ಚುವ ಅಭ್ಯಾಸವಿಲ್ಲ. ಅಂಥ ಗಿಡವನ್ನು ನೇರವಾಗಿ ನಮ್ಮ ಏಪ್ರಿಲ್ ಬಿಸಿಲಿಗೆ ತಂದರೆ ಒಂದೇ ಮಧ್ಯಾಹ್ನಕ್ಕೆ ಬಾಡುತ್ತದೆ. ಆದ್ದರಿಂದ ತೆಂಗಿನ ನಾರಿನ ಪುಡಿಯಲ್ಲಿ ನೆಟ್ಟು, ಮಂಜಿನಂತೆ ನೀರು ಸಿಂಪಡಿಸುವ ಮನೆಯಲ್ಲಿಟ್ಟು, ತೇವವನ್ನು ದಿನೇ ದಿನೇ ಇಳಿಸುತ್ತ, ನೆರಳುಬಲೆಯ ಕೆಳಗೆ ತಂದು, ವಾರಗಟ್ಟಲೆ ಗಟ್ಟಿಮಾಡುತ್ತಾರೆ. ಇದಕ್ಕೆ ಹಾರ್ಡನಿಂಗ್ ಎನ್ನುತ್ತಾರೆ. ಈಚೆಗೆ ಹಲವು ಕಡೆ ಇನ್ನೊಂದು ಜಾಣತನ ಮಾಡುತ್ತಾರೆ. ಬಾಟಲಿಯಲ್ಲಿ ಬೇರು ಬರಿಸುವುದನ್ನೇ ಬಿಟ್ಟು, ಬೇರಿಲ್ಲದ ಚಿಗುರಿನ ಬುಡಕ್ಕೆ ಐ.ಬಿ.ಎ. ತಾಗಿಸಿ ನೇರವಾಗಿ ನಾರಿನ ಪುಡಿಗೆ ನೆಟ್ಟು ಮಂಜುಮನೆಯಲ್ಲಿ ಇಡುತ್ತಾರೆ. ಹೀಗೆ ಬಂದ ಬೇರಿಗೆ ಮೊದಲಿನಿಂದಲೇ ರೋಮಗಳಿರುತ್ತವೆ, ಖರ್ಚೂ ಉಳಿಯುತ್ತದೆ. ಎಲ್ಲ ಗಿಡಕ್ಕೂ ಇದು ಒಗ್ಗುವುದಿಲ್ಲ, ಒಗ್ಗುವ ಗಿಡಕ್ಕೆ ಬಹಳ ಒಳ್ಳೆಯದು.

ಈಗ ನಮ್ಮ ಊರಿನ ರೈತರಿಗೆ ಇದರಿಂದ ಏನು ಪ್ರಯೋಜನ? ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು, ಟಿಶ್ಯೂ ಕಲ್ಚರ್ ಸಸಿ ಎಂದರೆ ರೋಗ ಬಾರದ ಸಸಿ ಎಂದು ತಿಳಿಯಬೇಡಿ. ದಾಳಿಂಬೆಯನ್ನೇ ತೆಗೆದುಕೊಳ್ಳಿ. ದುಂಡಾಣು ಅಂಗಮಾರಿ ನಮ್ಮ ಭಾಗದ ಎಷ್ಟು ತೋಟಗಳನ್ನು ಕೀಳಿಸಿತೆಂದು ನಾನು ಹೇಳಬೇಕಾಗಿಲ್ಲ. ದಾಳಿಂಬೆ ಕಡ್ಡಿ ತಾನಾಗಿಯೇ ಬೇರು ಬಿಡುತ್ತದೆ, ಅದನ್ನು ಲ್ಯಾಬಿಗೆ ಒಯ್ಯುವುದು ಬೇರಿನ ಸಲುವಾಗಿ ಅಲ್ಲ. ರೋಗದ ತೋಟದ ಗೂಟಿಯ ಜೊತೆ ರೋಗವೂ ಬರುವುದನ್ನು ತಪ್ಪಿಸಲು. ಸಸಿ ಶುದ್ಧವಾಗಿ ಬರುತ್ತದೆ ಅಷ್ಟೇ. ಪಕ್ಕದ ತೋಟದ ರೋಗ ಅದಕ್ಕೂ ತಗಲುತ್ತದೆ. ತೋಟದ ಸ್ವಚ್ಛತೆ, ಕತ್ತರಿಯನ್ನು ಔಷಧಿಯಲ್ಲಿ ಅದ್ದುವುದು ಯಾವುದನ್ನೂ ಬಿಡುವಂತಿಲ್ಲ.

ಎರಡನೆಯದು, ಕಸಿ ಸಸಿ ಕೊಳ್ಳುವಾಗ ಮೇಲಿನ ತಳಿಯ ಹೆಸರನ್ನು ಎಲ್ಲರೂ ಕೇಳುತ್ತೇವೆ. ಕೆಳಗಿನ ಬೇರು ಯಾವುದೆಂದೂ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಮೇಲಿನ ತಳಿ ಸರಿಬರದಿದ್ದರೆ ಕತ್ತರಿಸಿ ಬೇರೆ ಕಸಿ ಕಟ್ಟಬಹುದು. ಬೇರು ಸರಿಯಿಲ್ಲವೆಂದು ಮೂರನೇ ವರ್ಷ ಗೊತ್ತಾದರೆ ಗಿಡವನ್ನೇ ಕೀಳಬೇಕು, ಸಾಲ ಹಾಗೆಯೇ ಉಳಿಯುತ್ತದೆ.

ಮೂರನೆಯದು, ಲ್ಯಾಬಿಗೆ ಮಾನ್ಯತೆ ಇದೆಯೇ ಎಂದು ವಿಚಾರಿಸಿ. ಕೇಂದ್ರ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಿಂದ ಅಂಗಾಂಶ ಕೃಷಿ ಸಸಿಗಳಿಗೆ ರಾಷ್ಟ್ರೀಯ ಪ್ರಮಾಣೀಕರಣ ವ್ಯವಸ್ಥೆಯನ್ನು ನಡೆಸುತ್ತಿದೆ. ಲ್ಯಾಬಿನ ಗುಣಮಟ್ಟ, ಸಸಿಯಲ್ಲಿ ವೈರಸ್ ಇಲ್ಲದಿರುವುದು, ಸಸಿ ತಾಯಿಗಿಡದ್ದೇ ತಳಿ ಎಂಬುದು, ಇವು ಅದರ ವ್ಯಾಪ್ತಿಗೆ ಬರುತ್ತವೆ. ಪ್ರಮಾಣಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ನಾವು ದುಡ್ಡು ಕೊಡುವವರು.

ನಾಲ್ಕನೆಯದು ನಿಮ್ಮ ಕಣ್ಣಿನ ಕೆಲಸ. ನೂರಾರು ಸಸಿ ತರುವ ಮುಂಚೆ ನರ್ಸರಿಯವರ ಅನುಮತಿ ಪಡೆದು, ಬೇಕಾದರೆ ಅದರ ಬೆಲೆ ಕೊಟ್ಟಾದರೂ, ಒಂದೆರಡು ಸಸಿಯ ಚೀಲ ಬಿಚ್ಚಿ ನೋಡಿ. ಬೇರು ಬಿಳಿಯಾಗಿ ಅಥವಾ ಕೆನೆ ಬಣ್ಣದಲ್ಲಿ ಇರಬೇಕು. ಒಂದೇ ಕಡೆ ಅಲ್ಲ, ಸುತ್ತಲೂ ಹೊರಟಿರಬೇಕು. ಎತ್ತಿದಾಗ ನಾರಿನ ಪುಡಿಯನ್ನು ಹಿಡಿದುಕೊಂಡು ಬರಬೇಕು. ಕಂದು ಬಣ್ಣಕ್ಕೆ ತಿರುಗಿ, ಎಳೆದರೆ ಸಿಪ್ಪೆ ಜಾರುವ ಬೇರು ಕೊಳೆಯುತ್ತಿರುವ ಬೇರು. ಬುಡದಲ್ಲಿ ದೊಡ್ಡ ಗಂಟಿದ್ದು ಅದರಿಂದ ಒಂದೆರಡು ಎಳೆ ಮಾತ್ರ ಹೊರಟಿದ್ದರೆ ಬೇಡ. ಚೀಲದ ತಳದಲ್ಲಿ ಸುರುಳಿ ಸುತ್ತಿದ ಬೇರೂ ಬೇಡ, ಅದು ಹೊಲದಲ್ಲೂ ಸುತ್ತುತ್ತಲೇ ಇರುತ್ತದೆ. ಎಲೆ ಗಾಜಿನಂತೆ ಪಾರದರ್ಶಕವಾಗಿ, ನೀರು ತುಂಬಿದಂತೆ ಕಂಡರೆ ಸಸಿ ಇನ್ನೂ ಬಾಟಲಿಯ ಗುಣ ಬಿಟ್ಟಿಲ್ಲ. ನೆರಳುಬಲೆಯಲ್ಲಿ ಎಷ್ಟು ವಾರ ಇಟ್ಟಿದ್ದಿರಿ ಎಂದು ಕೇಳಿ.

ಇನ್ನು ಶಾಲೆಯ ಮಾತು. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸಬೇಕೆಂದು ನಮ್ಮ ಹಳೆಯ ವಿದ್ಯಾರ್ಥಿಗಳ ಬಳಗದಲ್ಲಿ ಮಾತಾಗಿದೆ. ಕಮಾನು ಬೇಡ ಎಂದು ನಾನು ಹೇಳುತ್ತಿಲ್ಲ. ಅದರ ಜೊತೆಗೆ ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ಒಂದು ಸಣ್ಣ ನೆರಳುಮನೆ ಮಾಡೋಣ ಎಂಬುದು ನನ್ನ ಸೂಚನೆ. ಟಿಶ್ಯೂ ಕಲ್ಚರ್ ಲ್ಯಾಬು ನಮ್ಮ ಶಾಲೆಗೆ ಆಗದ ಕೆಲಸ, ಅದಕ್ಕೆ ಯಂತ್ರ, ವಿದ್ಯುತ್, ದಿನವಿಡೀ ಕೈಗಳು ಬೇಕು. ಆದರೆ ಬೇರಿನ ಪಾಠಕ್ಕೆ ಲ್ಯಾಬು ಬೇಕಿಲ್ಲ. ನಾರಿನ ಪುಡಿ ತುಂಬಿದ ಟ್ರೇಗಳು, ದಾಸವಾಳ, ದಾಳಿಂಬೆ, ಡಾಗ್‌ರಿಜ್ ಕಡ್ಡಿಗಳು, ಒಂದು ಡಬ್ಬಿ ಬೇರು ಪುಡಿ, ಒಂದು ನೋಟ್‌ಬುಕ್ಕು ಸಾಕು. ಒಂದು ಸಾಲಿಗೆ ಪುಡಿ ಹಚ್ಚಿ, ಇನ್ನೊಂದಕ್ಕೆ ಹಚ್ಚದೆ, ಮೂರನೆಯದಕ್ಕೆ ಹೆಚ್ಚು ಹಚ್ಚಿ. ಪ್ರತಿ ವಾರ ಮೂರೂ ಸಾಲಿನಿಂದ ಸಮನಾಗಿ ಕೆಲವು ಕಡ್ಡಿ ತೆಗೆದು ಬೇರು ಎಣಿಸಿ, ಉದ್ದ ಅಳೆದು, ದಿನಾಂಕದೊಂದಿಗೆ ಬರೆಯಿರಿ. ಒಂಬತ್ತನೇ ತರಗತಿಯ ಮಕ್ಕಳು ಇದನ್ನು ಚೆನ್ನಾಗಿ ಮಾಡಬಲ್ಲರು. ಡಾಗ್‌ರಿಜ್ ಕಡ್ಡಿಯನ್ನು ಯಾವ ತಿಂಗಳಲ್ಲಿ, ಎಷ್ಟು ದಪ್ಪದ್ದನ್ನು ನೆಟ್ಟರೆ ನಮ್ಮ ಊರಿನ ಹವೆಯಲ್ಲಿ ಹೆಚ್ಚು ಬೇರು ಬರುತ್ತದೆ ಎಂಬ ನಾಲ್ಕು ವರ್ಷದ ಲೆಕ್ಕ ನಮ್ಮ ಶಾಲೆಯಲ್ಲಿ ಇದ್ದರೆ, ಅದನ್ನು ನೋಡಲು ಸುತ್ತಲಿನ ಊರಿನ ರೈತರು ತಾವಾಗಿಯೇ ಬರುತ್ತಾರೆ. ಬೇರು ಬಂದ ಸಸಿಯನ್ನು ಮಕ್ಕಳು ಮನೆಗೆ ಒಯ್ಯಲಿ.

ಈ ನೆರಳುಮನೆಯ ಬಲೆ, ಕಂಬ, ಟ್ರೇಗಳ ಖರ್ಚಿನಲ್ಲಿ ನನ್ನ ಪಾಲನ್ನು ನಾನು ಕೊಡುತ್ತೇನೆ. ಲೆಕ್ಕ ಬರೆಯಲು ಒಂದು ಸರಳ ಕನ್ನಡ ತಂತ್ರಾಂಶವನ್ನೂ ಮಾಡಿಕೊಡುತ್ತೇನೆ, ಆದರೆ ಮೊದಲ ವರ್ಷ ನೋಟ್‌ಬುಕ್ಕಿನಲ್ಲೇ ಬರೆಯಲಿ. ಕೈಯಿಂದ ಎಣಿಸಿ ಬರೆದವರಿಗೆ ಲೆಕ್ಕದ ಬೆಲೆ ಗೊತ್ತಾಗುತ್ತದೆ. ನೀರು ಹಾಕುವ ಸರದಿಯನ್ನು ಬೇಸಿಗೆ ರಜೆಯಲ್ಲೂ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಮಾತ್ರ ಇವತ್ತೇ, ಈ ಸಭೆ ಮುಗಿಯುವ ಮುಂಚೆ, ಗೊತ್ತುಮಾಡಿಕೊಳ್ಳಬೇಕು. ರಜೆಯಲ್ಲಿ ಒಣಗಿದ ಶಾಲಾ ತೋಟಗಳನ್ನು ನಾವೆಲ್ಲ ನೋಡಿದ್ದೇವೆ. ಶಾಲೆಯ ಹತ್ತಿರ ಮನೆ ಇರುವ ಇಬ್ಬರು ಮುಂದೆ ಬಂದರೆ ಮುಂದಿನ ಕೆಲಸ ಸುಲಭ.

  ಪ್ರಶ್ನೆಗಳಿದ್ದರೆ ಊಟದ ಹೊತ್ತಿನಲ್ಲಿ ಸಿಗುತ್ತೇನೆ. ಯಾರ ಹತ್ತಿರವಾದರೂ ಈಚೆಗೆ ತಂದ ಸಸಿ ಇದ್ದರೆ ತನ್ನಿ, ಬೇರನ್ನು ಒಟ್ಟಿಗೆ ನೋಡೋಣ.